ಬಿಳಿಹೊಂಡದ ದಾರಿಗೆ ಇಟ್ಟ ಸೊಪ್ಪು

ಸ್ವಾತಂತ್ರ್ಯದ ಬಾವುಟ ಹಾರಿಸುವ ದಿನ ಬೆಳಿಗ್ಗೆ ಹೊನ್ನಾವರದಿಂದ ಜೀಪು ಬಂತು. ಮೂತಿಗೆ ಮಾವಿನ ಎಲೆ ಕಟ್ಟಿದ್ದರು, ಗಾಜಿನ ಪಟ್ಟಿಗೆ ಮೂರು ಬಣ್ಣದ ಬಟ್ಟೆ. ನಲವತ್ತೆರಡರ ಚಳವಳಿಯಲ್ಲಿ ಪೆಟ್ಟು ತಿಂದವರನ್ನು ಮೆರವಣಿಗೆಯ ಮುಂದೆ ಕೂರಿಸಬೇಕೆಂದು ಪೇಟೆಯವರು ಗೊತ್ತುಮಾಡಿದ್ದರು. ಗಾಡಿ ಹೊಡೆಯುವ ಬೊಮ್ಮ ಗೌಡನೂ ಅವರಲ್ಲಿ ಒಬ್ಬ. ಜೀಪು ಹಾಲಕ್ಕಿ ಒಕ್ಕಲಿಗರ ಕೇರಿಯಾದ ಕೊಪ್ಪದ ಬಾಯಿಗೆ ಬಂದು ಹಾರನ್ ಹೊಡೆಯಿತು. ಬೊಮ್ಮ ಕತ್ತಿಯನ್ನು ಸೊಂಟದ ಕೊಕ್ಕೆಗೆ ಸಿಕ್ಕಿಸಿ, ಕಂಬಳಿಕೊಪ್ಪೆ ತಲೆಗೆ ಹಾಕಿಕೊಂಡು, ಹಿತ್ತಿಲ ಬೇಲಿಯ ದಣಪೆ ದಾಟಿ ಗುಡ್ಡ ಹತ್ತಿದ.

"ಹುಲ್ಲಿಗೆ ಹೋದ್ರು" ಎಂದಳು ಅವನ ಹೆಂಡತಿ ಸಣ್ಣಿ.

"ಇವತ್ತೂ ಹುಲ್ಲಾ?" ಎಂದ ಕರೆಯಲು ಬಂದವನು.

"ದನಕ್ಕೆ ಇವತ್ತೂ ಹೊಟ್ಟೆ ಅದ್ಯಲ."

ಬಂದವನು ನಕ್ಕು ಹೋದ. ಸಣ್ಣಿ ನಗಲಿಲ್ಲ. ಆ ಜೀಪಿನ ಮುಂದಿನ ಸೀಟಿಗಾಗಿ ಗಂಡ ಏನು ಕೊಟ್ಟುಬಿಟ್ಟನೆಂದು ಅವಳಿಗೆ ಗೊತ್ತಿತ್ತು.

ಬೊಮ್ಮನಿಗೆ ಆಸ್ತಿ ಎಂದು ಇದ್ದದ್ದು ಎರಡು ಎತ್ತು, ಒಂದು ಗಾಡಿ, ಮತ್ತೆ ಒಂದು ಹೆಸರು. ಹೆಸರು ಬಂದದ್ದು ಹೀಗೆ. ನಲವತ್ತೆರಡರಲ್ಲಿ ತಲೆಮರೆಸಿಕೊಂಡ ಚಳವಳಿಯವರು ಕರಾವಳಿಯಿಂದ ಗುಡ್ಡದ ಮೇಲಿನ ಬಿಳಿಹೊಂಡಕ್ಕೆ ಹೋಗಿ ಅಡಗುತ್ತಿದ್ದರು. ಅವರನ್ನು ತರಗೆಲೆಯ ಹೊರೆಯ ಕೆಳಗೆ ಮಲಗಿಸಿಕೊಂಡು ಗಾಡಿ ಹೊಡೆದವನು ಬೊಮ್ಮ. ಪೊಲೀಸರು ಹಿಡಿದು ಅಂಗಾಲಿಗೆ ಬಾರಿಸಿದರು. ದಾರಿ ಯಾವುದು ಎಂದು ಕೇಳಿದಾಗೆಲ್ಲ ಅವನದು ಒಂದೇ ಮಾತು: "ನಂಗೆ ದಾರಿ ಗೊತ್ತಿಲ್ಲ, ಒಡೆಯಾ." ಬಿಟ್ಟಮೇಲೆ ಬಹಳ ದಿನ ಹಿಮ್ಮಡಿ ಊರಲಾಗದೆ ಬಾತುಕೋಳಿಯಂತೆ ನಡೆದ. ಬಿಳಿಹೊಂಡಕ್ಕೆ ಅವನ ಅಕ್ಕ ತಿಮ್ಮಿಯನ್ನು ಕೊಟ್ಟಿತ್ತು. ಅಂದಿನಿಂದ ಅವನು ಅಲ್ಲಿಗೆ ಹೋದರೆ ಅಕ್ಕನ ಮನೆಯವರಷ್ಟೇ ಅಲ್ಲ, ಊರಿನ ಎಲ್ಲ ಮನೆಯವರೂ ಚಾಪೆ ಹಾಸುತ್ತಿದ್ದರು.

ಗಾಡಿಯವರಲ್ಲಿ ಒಂದು ಪದ್ಧತಿ ಇತ್ತು. ಮಳೆಗಾಲ ಕಳೆದಮೇಲೆ ಗುಡ್ಡದ ದಾರಿ ಎಲ್ಲಿ ಕುಸಿದಿದೆ, ಎಲ್ಲಿ ಗಟ್ಟಿ ಇದೆ ಯಾರಿಗೂ ಗೊತ್ತಿರುವುದಿಲ್ಲ. ಮೊದಲು ಹೋದ ಗಾಡಿಯವನು ದಾರಿ ಕವಲೊಡೆದಲ್ಲೆಲ್ಲ ಒಂದು ಮತ್ತಿಸೊಪ್ಪಿನ ಟೊಂಗೆ ಮುರಿದು ಹಾಕಿ, ತೊಟ್ಟಿನ ಮೇಲೆ ಕಲ್ಲು ಇಡುತ್ತಿದ್ದ. ಸೊಪ್ಪಿನ ತುದಿ ಯಾವ ಕಡೆಗೋ ಆ ಕಡೆ ಒಳ್ಳೆಯ ದಾರಿ. ಚಳವಳಿಯ ಕಾಲದಲ್ಲಿ ಇದೇ ಸೊಪ್ಪು ಬೇರೆ ಕೆಲಸಕ್ಕೆ ಬಂತು. ಬೆಳಿಗ್ಗೆ ಕವಲಿನಲ್ಲಿ ಕಲ್ಲಿಟ್ಟ ಸೊಪ್ಪು ಕಂಡರೆ ಬಿಳಿಹೊಂಡದವರು ಬರುತ್ತಿರುವವರು ನಮ್ಮವರು ಎಂದು ತಿಳಿದು ಗಂಜಿಗೆ ನೀರು ಹೆಚ್ಚಿಗೆ ಇಡುತ್ತಿದ್ದರು. ಸೊಪ್ಪಿಲ್ಲದೆ ಯಾರಾದರೂ ಹತ್ತಿ ಬಂದರೆ ಊರು ಖಾಲಿ. ಚಳವಳಿ ತಣ್ಣಗಾದಮೇಲೂ ಈ ರೂಢಿ ಉಳಿಯಿತು, ಏಕೆಂದರೆ ಲೆವಿ ಶುರುವಾಗಿತ್ತು. ಯುದ್ಧದ ಬರಗಾಲದಲ್ಲಿ ಸರ್ಕಾರ ಬೆಳೆದವರಿಂದ ಭತ್ತ ವಸೂಲಿ ಮಾಡುತ್ತಿತ್ತಲ್ಲ, ಅದು. ಬಿಳಿಹೊಂಡದ ಬೆಳೆಯ ಅರ್ಧ ಕಾಡುಹಂದಿಗೆ ಹೋಗುತ್ತಿತ್ತು. ಬೆಳೆ ಎಷ್ಟೆಂದು ಅಂದಾಜು ಮಾಡುವವರು ಕೆಳಗೆ ಚಾವಡಿಯಲ್ಲಿ ಕೂತು ಮಾಡುತ್ತಿದ್ದರು, ಹಂದಿಯನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅದಕ್ಕೆ ವಸೂಲಿಯವರು ಬರುವ ಸುಳಿವು ಸಿಕ್ಕರೆ ಬೀಜದ ಭತ್ತ ಕಟ್ಟಿದ ಹುಲ್ಲಿನ ಮೂಡೆಗಳು ದರಕಿನ, ಒಣ ಎಲೆಯ, ರಾಶಿಯೊಳಗೆ ಮಾಯವಾಗುತ್ತಿದ್ದವು. ಸೊಪ್ಪು ಕಂಡರೆ ಅಂಗಳದಲ್ಲೇ ಇರುತ್ತಿದ್ದವು.

ಇಷ್ಟರಲ್ಲಿ ಪುಂಡಲೀಕ ಶಾನಭಾಗರು ಜೀಪು ತಂದರು.

ಶಾನಭಾಗರದು ಹೊನ್ನಾವರ ಪೇಟೆಯಲ್ಲಿ ಮುರುಗಲು ಸಿಪ್ಪೆ, ಸೀಗೆ, ಅಂಟುವಾಳದ ವ್ಯಾಪಾರ. ಕೆಟ್ಟ ಮನುಷ್ಯ ಅಲ್ಲ. ಯುದ್ಧ ಮುಗಿದಮೇಲೆ ಮಿಲಿಟರಿಯವರು ಪುಣೆಯಲ್ಲಿ ಜೀಪುಗಳನ್ನು ಲಿಲಾವಿಗೆ ಇಟ್ಟಿದ್ದಾರೆಂದು ಕೇಳಿ ಹೋಗಿ ಒಂದನ್ನು ಕೊಂಡರು. ಗುಡ್ಡದ ಮೇಲಿನ ಊರುಗಳಿಂದ ಮಾಲು ನೇರ ತಾವೇ ತರಬಹುದೆಂಬ ಆಸೆ. ಪುಣೆಯ ಡ್ರೈವರ್ ಶಿರಸಿ ಮೇಲಿಂದ ಘಟ್ಟ ಇಳಿಸಿ ತಂದು, ಎಂಟು ದಿನ ಕಲಿಸಿ ಹೋಗಿಬಿಟ್ಟ. ಕಲಿತಾಯಿತೆಂದು ಶಾನಭಾಗರು ಶರಾವತಿಯ ಮೇಲೆ ಜೋಡಿದೋಣಿಯಲ್ಲಿ ಜೀಪು ದಾಟಿಸಿ, ಕಾಸರಕೋಡಿನ ಮರಳಿನ ಮೇಲೆ ಓಡಿಸಿ ತೋರಿಸಲು ಹೋದರು. ಭಟ್ಕಳದಿಂದ ನೆಂಟರು ಬಂದಿದ್ದರು. ಮರಳು ನಾಲ್ಕೂ ಗಾಲಿಯನ್ನು ನುಂಗಿತು. ಮೀನು ಒಣಹಾಕುತ್ತಿದ್ದ ಹೆಂಗಸರು ಬಲೆಯ ಹಗ್ಗ ಕಟ್ಟಿ, ಹಾಡು ಹೇಳಿಕೊಂಡು ಎಳೆದು ಹಾಕಿದರು. ಆಮೇಲೆ ಪೇಟೆಯಲ್ಲಿ ಶಾನಭಾಗರು ನಡೆದರೆ ಯಾರಾದರೊಬ್ಬರು ಆ ಹಾಡಿನ ಧಾಟಿ ಗುನುಗುತ್ತಿದ್ದರು.

ಅದಾಗಿ ಸ್ವಲ್ಪ ದಿನಕ್ಕೆ ಅವರು ಕೊಪ್ಪಕ್ಕೆ ನಡೆದು ಬಂದರು.

"ಬೊಮ್ಮಾ, ನಂಗೆ ಕಲೀಲಿಕ್ಕೆ ಹಗೂರ ದಾರಿ ಬೇಕಾಗಿತ್ತು ಮಾರಾಯ. ಡಾಂಬರು ರಸ್ತೆ ಅಲ್ಲ. ಕಾಡದಾರಿ. ಆದ್ರೆ ಕೊಲ್ಲೋ ಅಂಥದ್ದಲ್ಲ."

"ಎಂತಾ ಗಾಡಿ ಅದು ಒಡೆಯಾ? ಹಿಂದಿನ ಗಾಲಿ ಎಳೀತದ್ಯ, ಮುಂದಿಂದ?"

"ನಾಕೂ ಎಳೀತದೆ. ಅದ್ರಲ್ಲೊಂದು ಸಣ್ಣ ದಾಂಡು ಅದೆ, ಅದನ್ನು ಹಾಕಿದ್ರೆ ಮುಂದಿಂದೂ ಎಳೀತದೆ."

ಬೊಮ್ಮ ಯೋಚಿಸಿದ. "ಹಾಂಗಾರೆ ಹುಗಿದ್ರೆ ನಾಕೂ ಹುಗೀತದೆ."

"ಅದು ಕಾಸರಕೋಡಲ್ಲಿ ಗೊತ್ತಾಯ್ತು" ಎಂದರು ಶಾನಭಾಗರು, ಸಪ್ಪೆ ಮುಖ ಮಾಡಿ. ಒಳಗೆ ಸಣ್ಣಿ ಸೆರಗು ಬಾಯಿಗೆ ಒತ್ತಿಕೊಂಡಳು.

ಹೊಸ ಎತ್ತಿಗೆ ನೊಗ ಹೂಡಿ ಕಲಿಸುವುದು ಬೊಮ್ಮನಿಗೆ ಗೊತ್ತಿತ್ತು. ಜೀಪಿನ ವಿಷಯದಲ್ಲೂ ಅದೇ ಕ್ರಮ ಹಿಡಿದ. ಮೊದಲು ಕೊಪ್ಪದ ಮೇಲಿನ ಬೇಣ. ಹುಲ್ಲು ಕೊಯ್ದು ಬೋಳಾದ ಮುರಕಲ್ಲಿನ ಬಯಲು. ಎತ್ತ ತಿರುಗಿಸಿದರೂ ಬೀಳುವ ಭಯವಿಲ್ಲ. ಅಲ್ಲಿ ಕೈ ಕೂತಮೇಲೆ ಕೊಯ್ಲಾದ ಗದ್ದೆಗೆ ಇಳಿಸಿ, ಬದುವಿನ ಹಾಳಿಯ ಮೇಲೆ ಒಂದು ಗಾಲಿ ಹತ್ತಿಸಿ ಇಳಿಸುವುದನ್ನು ರೂಢಿ ಮಾಡಿಸಿದ. ಆಮೇಲೆ ದನ ನೀರು ಕುಡಿಯುವ ಹಳ್ಳದ ಕಡವು. ದನ ನೀರಿನಲ್ಲಿ ನಿಂತು ಕುಡಿಯುವ ಜಾಗದಲ್ಲಿ ಅಡಿ ಗಟ್ಟಿ ಇರುತ್ತದೆ, ಎಮ್ಮೆ ಮಲಗುವ ಜಾಗಕ್ಕೆ ಮಾತ್ರ ಹೋಗಬಾರದು. ಇದು ಊರಲ್ಲಿ ಯಾರಿಗೂ ಗೊತ್ತಿದ್ದ ಸಂಗತಿ. ಶಾನಭಾಗರಿಗೂ ಗೊತ್ತಿತ್ತು, ಆದರೆ ಸ್ಟೇರಿಂಗ್ ಹಿಡಿದಾಗ ಅವರಿಗೆ ಏನೂ ನೆನಪಾಗುತ್ತಿರಲಿಲ್ಲ, ಅಷ್ಟೆ.

ಬೊಮ್ಮ ಅವರ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ. ಮಿಲಿಟರಿ ಜೀಪಾದ್ದರಿಂದ ಸ್ಟೇರಿಂಗ್ ಎಡಕ್ಕೆ, ಬೊಮ್ಮ ಬಲಕ್ಕೆ. ಬೇರೆ ಮೋಟಾರುಗಳಲ್ಲಿ ಡ್ರೈವರ್ ಕೂರುವ ಜಾಗ ಅದು. ರಸ್ತೆಯಲ್ಲಿ ಎದುರಾದವರಿಗೆ ಬೊಮ್ಮ ಗೌಡನೇ ಜೀಪು ಬಿಡುತ್ತಿದ್ದಾನೆಂದು ಕಾಣುತ್ತಿತ್ತು. ಕಾಣಲಿ ಎಂದು ಅವನು ಎರಡೂ ಕೈ ಮುಂದೆ ಚಾಚಿ ಕೂರುತ್ತಿದ್ದ. ಹುಟ್ಟಿದಾಗಿನಿಂದ ಎತ್ತಿನ ಬಾಲದ ಹಿಂದೆ ಕೂತ ಮನುಷ್ಯ. ಒಡೆಯನ ಸಮಕ್ಕೆ ಒಂದು ಮೆತ್ತೆಯ ಮೇಲೆ ಕೂತದ್ದು ಅದೇ ಮೊದಲು.

"ಕುಂಡೆಗೆ ಮೆತ್ತೆ ರುಚಿ ಹತ್ತಿತು" ಎಂದಳು ಸಣ್ಣಿ. "ಇನ್ನು ನಮ್ಮ ಗಾಡಿ ಚುಚ್ತದೆ ನಿಮ್ಗೆ."

"ನಿಂಗೆ ಹೊಟ್ಟೆಕಿಚ್ಚು."

"ನಂಗ್ಯಾಕೆ. ಎತ್ತು ಮೂರು ದಿನದಿಂದ ಕಟ್ಟಿದಲ್ಲೇ ಅದೆ, ಅದ್ಕೆ ಕೇಳಿ ಹೊಟ್ಟೆಕಿಚ್ಚು ಅದ್ಯ ಅಂತ."

ಮಾಘದ ಸುಮಾರಿಗೆ ಶಾನಭಾಗರು ಇನ್ನೊಂದು ಮಾತು ತಂದರು. "ಈಗ ಸ್ವಲ್ಪ ಉದ್ದದ ದಾರಿ ನೋಡು. ನಾನು ಒಬ್ಬನೇ ಹೊಡೆಯಬೇಕು. ನೀ ಪಕ್ಕದಲ್ಲಿದ್ದು ಎಡಕ್ಕೆ, ಬಲಕ್ಕೆ ಅಂದ್ರೆ ನಾ ಕಲಿಯೂದು ಯಾವಾಗ? ಆದ್ರೆ ಸಿಕ್ಕಿಬಿದ್ರೆ ನೂಕಲಿಕ್ಕೆ ದಾರಿಯ ಕೊನೆಗೆ ಜನ ಇರಬೇಕು."

ಬೊಮ್ಮನಿಗೆ ಮಾತು ಸರಿ ಕಂಡಿತು. ಹೊಸಬನಿಗೆ ಒಳ್ಳೆಯ ದಾರಿ ಎಂದರೆ ಗಟ್ಟಿ ನೆಲ ಒಂದೇ ಅಲ್ಲ, ಕೊನೆಯಲ್ಲಿ ನಾಲ್ಕು ಹೆಗಲು ಬೇಕು. ಅವನ ಬಾಯಿಗೆ ಬಂದ ಹೆಸರು ಬಿಳಿಹೊಂಡ. ಅಲ್ಲಿಯ ಗಾಡಿದಾರಿ ಕಡಿದಾದ ಏರಿಲ್ಲದೆ ಗುಡ್ಡವನ್ನು ಸುತ್ತಿಕೊಂಡು ಹತ್ತುತ್ತದೆ, ಕಡೆಯ ಏರು ಒಂದೇ ಕಷ್ಟ. ಅಕ್ಕನ ಊರಿನವರಿಗೆ ತಾನು ಕಲಿಸಿದ ಜೀಪು ಕಾಣಿಸಿದಂತೆಯೂ ಆಯಿತು. ಅಂಗಾಲಿಗೆ ಬಾರಿಸಿದರೂ ಹೇಳದ ದಾರಿ ಅದು. ಕೇಳದೆಯೇ ಹೇಳಿದ.

"ಕವಲು ಬಹಳ ಇದ್ದಾವೋ?" ಎಂದರು ಶಾನಭಾಗರು.

"ನಾ ಸೊಪ್ಪು ಹಾಕಿಡ್ತೆ. ತುದಿ ನೋಡ್ಕಂಡು ಹೋಗಿ. ಆತಲ್ದ?"

ಮಾರನೆಯ ದಿನ ಕವಲು ಕವಲಿಗೂ ಮತ್ತಿಸೊಪ್ಪು ಮುರಿದು ಹಾಕಿ ಕಲ್ಲಿಟ್ಟು ಬಂದ. ಕಡೆಯ ಸೊಪ್ಪು ಇಟ್ಟದ್ದು ಅಕ್ಕನ ಗದ್ದೆಯ ಬೇಲಿಯಿಂದ ಕಾಣುವ ಹಾಗೆ. ಸೊಪ್ಪಿಗೆ ಇನ್ನೊಂದು ಅರ್ಥವಿತ್ತೆಂಬುದು ಅವನಿಗೆ ನೆನಪಾಗಲಿಲ್ಲವೆಂದಲ್ಲ. ಶಾನಭಾಗರೂ ನಮ್ಮವರೇ ಎಂದು ಅವನು ಆಗಲೇ ಲೆಕ್ಕ ಹಾಕಿಬಿಟ್ಟಿದ್ದ. ಮೆತ್ತೆಯ ಮೇಲೆ ಕೂರಿಸಿದವರು ಬೇರೆಯವರು ಹೇಗಾಗುತ್ತಾರೆ?

ಹೊರಡುವ ದಿನ ಜೀಪು ಕೊಪ್ಪದ ಬಾಯಲ್ಲಿ ನಿಂತಿತು. ಬೊಮ್ಮನ ಸೀಟಿನಲ್ಲಿ ಖಾಕಿ ಕೋಟಿನ ಒಬ್ಬ ಸಾಹೇಬ ಕೂತಿದ್ದ. ಹಿಂದೆ ಇಬ್ಬರು ಪಟ್ಟೇವಾಲರು, ಕಚೇರಿಯ ಜವಾನರು.

"ಹತ್ತು ಬೊಮ್ಮಾ, ನೀನೂ ಬಾ" ಎಂದರು ಶಾನಭಾಗರು. ಅವರು ಎದುರಿನ ಗಾಜನ್ನೇ ನೋಡುತ್ತಿದ್ದರು. "ಸಾಹೇಬರಿಗೆ ಮೇಲಿನ ಊರು ನೋಡಬೇಕಂತೆ."

ಬೊಮ್ಮ ಹಿಂದೆ ಹತ್ತಿದ. ಕೂರಲು ಮೆತ್ತೆ ಇರಲಿಲ್ಲ. ಮಡಿಸಿದ ಗೋಣಿಚೀಲಗಳ ದಪ್ಪ ಕಟ್ಟು ಇತ್ತು, ಅದರ ಮೇಲೆ ಕೂತ. ಕಾಲಿಗೆ ಗಟ್ಟಿ ಏನೋ ತಾಗಿತು. ಬಗ್ಗಿ ನೋಡಿದ. ಭತ್ತ ಅಳೆಯುವ ಕೊಳಗ, ಸರ್ಕಾರದ ಮುದ್ರೆ ಒತ್ತಿದ್ದು.

ಇನ್ನು ತಿಳಿಯಲು ಏನೂ ಉಳಿದಿರಲಿಲ್ಲ. ಜೀಪು ಎತ್ತಿನ ಗಾಡಿಗಿಂತ ತುಸು ಜೋರು ಹೋಗುತ್ತಿತ್ತು, ಅಷ್ಟೆ. ಕೆಳಗೆ ಹಾರಿದರೆ ಮೊಣಕಾಲು ಕೂಡ ತರಚುತ್ತಿರಲಿಲ್ಲ. ಬೊಮ್ಮ ಹಾರಲಿಲ್ಲ. ಸಾಹೇಬ ಬರೀ ನೋಡಿ ಹೋಗಬಹುದು, ಬೇರೆ ಊರಿಗೆ ಇರಬಹುದು, ಶಾನಭಾಗರು ಏನಾದರೂ ಹೇಳಿ ತಪ್ಪಿಸಬಹುದು ಎಂದೆಲ್ಲ ತನಗೆ ತಾನೇ ಹೇಳಿಕೊಂಡ. ಗೊತ್ತಿದ್ದೂ ಸುಮ್ಮನಿರುವವನಿಗೆ ಕಾರಣಗಳಿಗೆ ಬರಗಾಲವಿರುವುದಿಲ್ಲ. ಒಂದೊಂದು ಕವಲು ಬಂದಾಗಲೂ ಸೊಪ್ಪು ಅವನು ಇಟ್ಟಲ್ಲೇ ಇತ್ತು, ತುದಿ ಮುಂದಕ್ಕೆ ಚಾಚಿ. ಸೊಪ್ಪು ನೋಡಿ ನೋಡಿ ಶಾನಭಾಗರು ಸರಾಗವಾಗಿ ತಿರುಗಿಸಿದರು. ಅಷ್ಟು ಚೆನ್ನಾಗಿ ಅವರು ಯಾವತ್ತೂ ಹೊಡೆದಿರಲಿಲ್ಲ.

ಹಳ್ಳದ ಕಡವಿನಲ್ಲಿ ಮಾತ್ರ ಹೆದರಿ ನಿಲ್ಲಿಸಿದರು. "ಬೊಮ್ಮಾ, ನೀರು ನೋಡು."

ಬೊಮ್ಮ ಇಳಿದು ಮೊಣಕಾಲುದ್ದ ನೀರಿನಲ್ಲಿ ನಿಂತ. ಎದುರಿಗೆ ಒಳದಾರಿ ಇತ್ತು, ಕಾಲ್ದಾರಿ, ನೆಟ್ಟಗೆ ಬಿಳಿಹೊಂಡಕ್ಕೆ ಹತ್ತುವುದು. ಗಾಡಿದಾರಿ ಗುಡ್ಡ ಸುತ್ತಿ ಬರುವಷ್ಟರಲ್ಲಿ ಕಾಲ್ದಾರಿಯಲ್ಲಿ ಓಡಿದವನು ಮೇಲೆ ಮುಟ್ಟಿ, ಕೂಗು ಹಾಕಿ, ಮೂಡೆಗಳನ್ನು ದರಕಿಗೆ ತಳ್ಳಿಸಬಹುದು. ಚಳವಳಿಯ ಕಾಲದಲ್ಲಿ ಅದೇ ದಾರಿಯಲ್ಲಿ ಹಾಗೆಯೇ ಓಡಿದ್ದ. ಕಾಲು ಆ ಕಡೆಗೆ ಎರಡು ಹೆಜ್ಜೆ ಹೋದದ್ದೂ ಹೌದು.

"ಭಲೇ ಗೌಡ" ಎಂದ ಸಾಹೇಬ ಹಿಂದೆ ಜೀಪಿನಿಂದ. "ನೀನಿಲ್ಲದಿದ್ರೆ ಈ ದಾರಿ ನಮಗೆ ಎಲ್ಲಿ ಸಿಗ್ತಿತ್ತು?" ಜೇಬಿನಿಂದ ಸಿಗರೇಟಿನ ಪೊಟ್ಟಣ ತೆಗೆದು, ತಾನು ಒಂದು ಹಚ್ಚಿ, ಹತ್ತಿರ ಬಂದ ಬೊಮ್ಮನಿಗೆ ಕೈ ಚಾಚಿ ಒಂದನ್ನು ಕೊಟ್ಟ. ಎಸೆಯಲಿಲ್ಲ. ಕೈಗೆ ಕೊಟ್ಟ.

ಬೊಮ್ಮ ಒದ್ದೆ ಕೈಯನ್ನು ತಲೆವಸ್ತ್ರಕ್ಕೆ ಒರೆಸಿಕೊಂಡು ಸಿಗರೇಟು ಇಸಿದುಕೊಂಡ. "ಅಡಿ ಗಟ್ಟಿ ಅದೆ ಒಡೆಯಾ, ಬನ್ನಿ" ಎಂದ. ಮತ್ತೆ ಗೋಣಿಚೀಲದ ಮೇಲೆ ಕೂತ.

ಕಡೆಯ ಏರಿನಲ್ಲಿ ಜೀಪು ನಿಂತಿತು. ಗಾಲಿ ತಿರುಗಿ ಕೆಂಪು ಮಣ್ಣು ಹಾರಿತು. ಮೇಲಿಂದ ಜನ ಇಳಿದು ಬಂದರು. ಸೊಪ್ಪು ನೋಡಿ ಬೆಳಿಗ್ಗೆಯಿಂದಲೇ ಕಾದಿದ್ದವರು. ಮುಂದೆ ತಿಮ್ಮಿಯ ಗಂಡ ಬೀರ.

"ಓ, ಬಾವ ಮೋಟಾರಲ್ಲಿ ಬಂದ. ಎತ್ತು ಮಾರಿದ್ಯನಾ?" ಎಂದ ಬೀರ. ಎಲ್ಲರೂ ನಕ್ಕರು. ನಗುತ್ತಲೇ ಹೆಗಲು ಕೊಟ್ಟರು. ಗಂಡಸರು, ಹೆಂಗಸರು, ಬೀಜದ ಭತ್ತ ಬೆಳೆದ ಅದೇ ಕೈಗಳು ಜೀಪಿನ ಹಿಂಬದಿಗೆ ಒತ್ತಿ, ಲೆವಿಯ ಸಾಹೇಬನನ್ನು ತಮ್ಮ ಅಂಗಳಕ್ಕೆ ತಾವೇ ನೂಕಿ ಹತ್ತಿಸಿದವು. ಬೊಮ್ಮ ಇಳಿದು ಅವರ ಜೊತೆ ನೂಕಿದ. ಅವರ ಮುಖ ನೋಡದಿರಲು ಅದೊಂದೇ ಉಪಾಯವಾಗಿತ್ತು.

ಅಂಗಳದಲ್ಲಿ ಚಾಪೆಯ ಮೇಲೆ ಬೀಜದ ಭತ್ತ ಬಿಸಿಲಿಗೆ ಹರಡಿತ್ತು. ಪಕ್ಕದಲ್ಲಿ ಮೂಡೆಗಳು ಸಾಲಾಗಿ ಕೂತಿದ್ದವು. ಪಟ್ಟೇವಾಲ ಗೋಣಿಚೀಲದ ಕಟ್ಟು ಇಳಿಸಿ, ಮೇಲೆ ಕೊಳಗ ಇಟ್ಟಾಗ ನಗು ನಿಂತಿತು. ಯಾರೂ ಕೂಗಲಿಲ್ಲ. ಸಾಹೇಬನೂ ದರ್ಪ ಮಾಡಲಿಲ್ಲ. ಕಾನೂನಿದೆ, ಅಂದಾಜಿನಷ್ಟು ಕೊಡಬೇಕು ಎಂದ. ಬೀರ ಒಮ್ಮೆ "ಹಂದಿ ತಿಂದಿದ್ದು..." ಎಂದು ಶುರುಮಾಡಿ ಬಿಟ್ಟ. ಕೊಳಗ ಏಳುವ, ಬೀಳುವ ಸದ್ದು ಮಾತ್ರ. ತಿನ್ನುವ ಭತ್ತ ಅಂದಾಜಿಗೆ ಸಾಲದೆ ಬೀಜದ್ದಕ್ಕೂ ಕೈಯಿಟ್ಟರು.

ತಿಮ್ಮಿ ಬೆಲ್ಲದ ನೀರಿನ ತಂಬಿಗೆ ಹಿಡಿದು ಜಗಲಿಯ ಮೇಲೆ ನಿಂತೇ ಇದ್ದಳು. ಆಮೇಲೆ ಇಳಿದು ಬಂದು ಎಲ್ಲರಿಗೂ ಕೊಟ್ಟಳು. ಸಾಹೇಬನಿಗೆ, ಶಾನಭಾಗರಿಗೆ, ಪಟ್ಟೇವಾಲರಿಗೆ. ಕಡೆಗೆ ತಮ್ಮನಿಗೆ.

"ಅಕ್ಕ, ನಂಗೆ ಬ್ಯಾಡ."

"ಕುಡಿ. ಬೆಲ್ಲ ಕದಡಿ ಆಗೋಗಿದೆ."

ಕುಡಿದ. ಅವಳ ಕಣ್ಣು ಅವನ ಕಿವಿಯ ಮೇಲೆ ನಿಂತಿತ್ತು. ಸಾಹೇಬ ಕೊಟ್ಟ ಸಿಗರೇಟನ್ನು ಅವನು ಅಲ್ಲಿ ಸಿಕ್ಕಿಸಿಕೊಂಡಿದ್ದ.

ಇಳಿಯುವಾಗ ಬೊಮ್ಮ ನಡೆದು ಬಂದ. ಮಾನಕ್ಕೆ ಅಂಜಿ ಅಲ್ಲ. ಜೀಪಿನಲ್ಲಿ ಭತ್ತದ ಚೀಲ ತುಂಬಿ ಅವನಿಗೆ ಜಾಗ ಇರಲಿಲ್ಲ. ಜಾಗ ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡ. ಬಂದ ಉತ್ತರ ಹೇಳಿಕೊಳ್ಳುವಂಥದ್ದಲ್ಲ.

ಕೊಪ್ಪದಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಅವನು ಎರಡು ಮಾತು ಆಡಿ ಹಗುರಾಗಬಹುದಿತ್ತು. ಎಲೆಯಡಿಕೆಯ ಕವಳದ ಸಂಚಿ ಎಂದಿನಂತೆ ಅವನ ಮುಂದೆಯೂ ಬರುತ್ತಿತ್ತು. ಆದರೆ ನಲವತ್ತೆರಡರ ಕತೆ ಎದ್ದರೆ ಯಾರಾದರೂ ಕೆಮ್ಮಿ ಮಾತು ಬದಲಿಸುತ್ತಿದ್ದರು. ಅವನ ಮರ್ಯಾದೆಗೇ ಹಾಗೆ ಮಾಡುತ್ತಿದ್ದರು. ಅದು ಅಂಗಾಲಿನ ಪೆಟ್ಟಿಗಿಂತ ಹೆಚ್ಚು ಉರಿಯಿತು. ಸಣ್ಣಿ ಕೂಡ ಮೆತ್ತೆಯ ಮಾತು ನಿಲ್ಲಿಸಿದಳು. ಹೊಡೆದಾಗ ಬಾಯಿಬಿಡದವನು ಕೂರಿಸಿದಾಗ ಬಿಟ್ಟ. ಇದನ್ನು ಯಾರೂ ಹೇಳಬೇಕಾಗಿರಲಿಲ್ಲ, ಅವನಿಗೇ ಕೇಳುತ್ತಿತ್ತು.

ಶಾನಭಾಗರು ಒಂದು ದಿನ ನಡೆದೇ ಬಂದರು. ಜಗಲಿಯ ಕಂಬ ಹಿಡಿದು ನಿಂತರು.

"ಪೆಟ್ರೋಲಿನ ರೇಶನ್ ಚೀಟಿ ಕೊಡೋರು ಆ ಸಾಹೇಬರೇ ಬೊಮ್ಮಾ. ಜೀಪು ಒಂದಿನ ಕೊಡಿ ಅಂದ್ರು. ಇಲ್ಲ ಅಂದ್ರೆ ನನ್ನ ಗಾಡಿ ಕೊಟ್ಟಿಗೆಯಲ್ಲಿ ಕೂರೂದೇ. ದಾರಿಯಲ್ಲಿ ನಿಂಗೆ ಹೇಳಬೇಕು ಅಂತ ಮಾಡಿದ್ದೆ..."

"ನಂಗೆ ಗೊತ್ತಿತ್ತು ಒಡೆಯಾ. ಚೀಲದ ಮೇಲೆ ಕೂತವ ನಾನೇ ಅಲ್ದ?"

ಶಾನಭಾಗರು ಕಂಬ ಬಿಟ್ಟು ಜಗಲಿಯ ಅಂಚಿಗೆ ಕೂತರು. "ಹಿರೇಗುತ್ತಿ ಕಡೆ ಒಳ್ಳೆ ಗಾಡಿದಾರಿ ಅದೆ ಅಂತಾರೆ" ಎಂದರು.

"ನಂಗೆ ದಾರಿ ಗೊತ್ತಿಲ್ಲ, ಒಡೆಯಾ."

ಅದೇ ಮಾತು. ಪೊಲೀಸರ ಮುಂದೆ ಆಡಿದಾಗ ಅದಕ್ಕೆ ತೂಕ ಇತ್ತು. ಈಗ ಬಾಯಿಂದ ಹೊರಬಿದ್ದದ್ದು ಬರೀ ಗಾಳಿ.

ಮೊದಲ ಮಳೆಗೆ ಮುಂಚೆ ಬೊಮ್ಮ ತನ್ನ ಬೀಜದ ಮೂಡೆಗಳಲ್ಲಿ ಒಂದನ್ನು ತಲೆಯ ಮೇಲೆ ಹೊತ್ತು ಬಿಳಿಹೊಂಡಕ್ಕೆ ಹೊರಟ. ಗಾಡಿ ಹೂಡಲಿಲ್ಲ. ಮೊದಲ ಕವಲಿನಲ್ಲಿ ಅವನು ಇಟ್ಟ ಸೊಪ್ಪು ಒಣಗಿ ಕಡ್ಡಿಯಾಗಿ ಉಳಿದಿತ್ತು, ಮೇಲಿನ ಕಲ್ಲನ್ನು ಯಾರೋ ತೆಗೆದು ದೂರ ಒಗೆದಿದ್ದರು. ಕಡವು ದಾಟಿದಮೇಲೆ ಗಾಡಿದಾರಿಯ ಅಡ್ಡಕ್ಕೆ ಕಾರೆಮುಳ್ಳಿನ ಹೊರೆ ಬಿದ್ದಿತ್ತು. ಗದ್ದೆಗೆ ದನ ನುಗ್ಗದಂತೆ ಹಾಕುವಂಥ ಮುಳ್ಳು. ಇನ್ನು ಈ ದಾರಿಗೆ ನಮ್ಮವರು ಪರರು ಎಂಬುದಿಲ್ಲ, ಯಾರಿಗೂ ಇಲ್ಲ ಎಂದು ಹೇಳಿದ ಹಾಗಿತ್ತು. ಸರಿಸಿ ಹೋಗಬಹುದಿತ್ತು. ಬೊಮ್ಮ ಸರಿಸಲಿಲ್ಲ, ಮೂಡೆ ಹೊತ್ತುಕೊಂಡೇ ಮುಳ್ಳು ದಾಟಿದ. ಒಂದು ಮುಳ್ಳು ಹಿಮ್ಮಡಿಯಲ್ಲಿ ಮುರಿಯಿತು.

ಬೀರ ಮೂಡೆ ಇಳಿಸಿಕೊಂಡ. ಬೇಡ ಎನ್ನಲಿಲ್ಲ, ಬಿತ್ತಲು ಬೇಕಿತ್ತು. "ಯಾವ ಜಾತಿ ಭತ್ತ?" ಎಂದು ಕೇಳಿದ. ಬೊಮ್ಮ ಹೇಳಿದ. ಅಷ್ಟೇ ಮಾತು. ತಿಮ್ಮಿ ಗಂಜಿ ಬಡಿಸಿದಳು. ಚಾಪೆ ಹಾಸಲಿಲ್ಲ. ಬೊಮ್ಮ ಬರಿನೆಲದ ಮೇಲೆ ಕೂತು ಉಂಡ.

ಬಾವುಟದ ದಿನ ಅವನು ಹುಲ್ಲಿಗೆಂದು ಹೋದದ್ದು ಅದೇ ಗುಡ್ಡಕ್ಕೆ. ಪೇಟೆಯ ಕಡೆಯಿಂದ ಗರ್ನಾಲು ಪಟಾಕಿಯ ಸದ್ದು ಬರುತ್ತಿತ್ತು. ಕಡವಿನಲ್ಲಿ ನೀರು ಏರಿತ್ತು, ಹಗ್ಗದಂತೆ ಬಿದ್ದ ಬಳ್ಳಿ ಹಿಡಿದು ದಾಟಿದ. ಮಳೆಯ ನೀರು ಮುಳ್ಳಿನ ಹೊರೆಯನ್ನು ಕೊಚ್ಚಿಕೊಂಡು ಹೋಗಿ ದಾರಿ ಬೋಳಾಗಿತ್ತು. ಮಳೆ ಕಳೆದರೆ ಯಾವ ಗಾಡಿಯೂ ಬರಬಹುದು. ಬೊಮ್ಮ ಕತ್ತಿ ತೆಗೆದು ಕಾರೆಯ ಪೊದೆ ಕಡಿದ. ಎಳೆದು ತಂದು ಅಡ್ಡ ಹಾಕಿದ. ತೇಲಿ ಹೋಗದಿರಲೆಂದು ಹಳ್ಳದಿಂದ ಕಲ್ಲು ಹೊತ್ತು ತಂದು ಮುಳ್ಳಿನ ಬುಡಕ್ಕೆ ಇಟ್ಟ. ಕೈಯೆಲ್ಲ ಗೀರು.

ಮೇಲಿಂದ ಕೊಪ್ಪೆ ಹಾಕಿದ ಹೆಂಗಸೊಬ್ಬಳು ಸದ್ದು ಕೇಳಿ ನಿಂತಳು. ಮಳೆಯ ಮಬ್ಬಿನಲ್ಲಿ ಮುಖ ಕಾಣಲಿಲ್ಲ. ದನಿ ಅಕ್ಕನದು.

"ಯಾರದು?"

"ನಾನು. ಬೊಮ್ಮ."

"ಎಂತ ಮಾಡ್ತೆ ಅಲ್ಲಿ?"

"ಮುಳ್ಳು ಹಾಕ್ತೆ."

ಅವಳು ಎರಡು ಹೆಜ್ಜೆ ಇಳಿದು ಬಂದು ಮುಳ್ಳಿನ ಬುಡದ ಕಲ್ಲು ನೋಡಿದಳು.

"ಹಾಕು" ಎಂದಳು, ಮತ್ತೆ ತಿರುಗಿ ಗದ್ದೆಗೆ ಹೋದಳು.